ಮಳೆ ಬಂದರೂ ನಿಲ್ಲದ ಜೀರುಂಡೆ

ಗಂಟೆ ಮೇಸ್ತ್ರಿ ಜನ್ಮದಲ್ಲಿ ಒಂದು ಗಂಟೆಯನ್ನೂ ಬಾರಿಸಿದವನಲ್ಲ. ಅವನು ಬಾರಿಸುತ್ತಿದ್ದದ್ದು ಬೋಲ್ಟುಗಳನ್ನು. ಮಳೆಕಾಡಿನ ಅಂಚಿನಲ್ಲಿ ಒಂದು ವಸ್ತುಸಂಗ್ರಹಾಲಯವಿತ್ತು. ಅದರ ಹಿಂಬಾಗಿಲಿನಿಂದ ಹೊರಟ ಮರದ ಮೆಟ್ಟಿಲು ಏರಿ ಏರಿ, ಮೂರು ಹೆಮ್ಮರಗಳ ನಡುವೆ ಕಟ್ಟಿದ ತೂಗುಸೇತುವೆಗೆ ಹೋಗಿ ಸೇರುತ್ತಿತ್ತು. ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿಸಿಟ್ಟ ಹಕ್ಕಿಯನ್ನು ನೋಡಿದವರು ಮೇಲೆ ಹೋಗಿ ಜೀವಂತ ಹಕ್ಕಿಯನ್ನೂ ನೋಡಲಿ ಎಂಬುದು ಕಟ್ಟಿಸಿದವರ ಆಸೆ. ಬರುವವರಲ್ಲಿ ಮುಕ್ಕಾಲು ಪಾಲು ಮಂದಿ ಹಕ್ಕಿಯ ಗೊಡವೆಗೇ ಹೋಗುತ್ತಿರಲಿಲ್ಲ. ಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡು, ಹುಲಿ ಯಾವ ಕಡೆಯಿಂದ ಬರುತ್ತದೆ ಎಂದು ವಿಚಾರಿಸಿ, ಕಾಲಿಗೆ ಹತ್ತಿದ ಜಿಗಣೆಯನ್ನು ಕಂಡು ಹೌಹಾರಿ ಇಳಿದು ಹೋಗುತ್ತಿದ್ದರು.

ಅಷ್ಟು ಜನರನ್ನು ಹೊತ್ತ ಸೇತುವೆ ನಿಂತಿದ್ದದ್ದು ಮರಗಳ ಸುತ್ತ ಬಿಗಿದ ಕಬ್ಬಿಣದ ಪಟ್ಟಿಗಳ ಮೇಲೆ, ಆ ಪಟ್ಟಿಗಳು ನಿಂತಿದ್ದದ್ದು ಬೋಲ್ಟುಗಳ ಮೇಲೆ. ಮಳೆಗೆ ಮರ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಆ ಉಬ್ಬರವಿಳಿತದಲ್ಲಿ ಯಾವುದೋ ಒಂದು ನಟ್ಟು ಯಾರಿಗೂ ಹೇಳದೆ ಕೇಳದೆ ಸಡಿಲವಾಗಿರುತ್ತದೆ. ಪಾಚಿ ಮುಚ್ಚಿಕೊಂಡಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಒಂದೊಂದಕ್ಕೂ ಸ್ಪ್ಯಾನರ್ ಹಾಕುತ್ತ ಕೂತರೆ ಮಧ್ಯಾಹ್ನವಾಗುತ್ತದೆ. ಹಾಗಾಗಿ ಮೇಸ್ತ್ರಿ ಬೆಳಗಾಗುತ್ತಲೇ ಸಣ್ಣ ಸುತ್ತಿಗೆ ಹಿಡಿದು ಮರದಿಂದ ಮರಕ್ಕೆ ಹೋಗುತ್ತಿದ್ದ. ಬಾರಿಸಿದರೆ ಬಿಗಿಯಾದದ್ದು ಟಣ್ ಎನ್ನುತ್ತದೆ, ಸಡಿಲಾದದ್ದು ಡಬ್ ಎನ್ನುತ್ತದೆ. ಡಬ್ ಎಂದದ್ದಕ್ಕೆ ಮಾತ್ರ ಸ್ಪ್ಯಾನರ್. ಎಲ್ಲ ಮುಗಿದ ಮೇಲೆ ಸೇತುವೆಯ ಬಾಯಲ್ಲಿದ್ದ ಮೊಳೆಗೆ ಸುತ್ತಿಗೆಯನ್ನು ತೂಗುಹಾಕುತ್ತಿದ್ದ. ಸುತ್ತಿಗೆ ಮೊಳೆಯಲ್ಲಿದ್ದರೆ ಸೇತುವೆ ತೆರೆದಿದೆ ಎಂದು ಅರ್ಥ. ಮೊಳೆ ಖಾಲಿಯಿದ್ದರೆ ಯಾರೂ, ಖುದ್ದು ಸಂಗ್ರಹಾಲಯದ ಸಾಹೇಬರೂ, ಹಲಗೆಗೆ ಕಾಲಿಡುವಂತಿರಲಿಲ್ಲ.

ಈ ಪದ್ಧತಿ ಹಾಕಿಕೊಟ್ಟವನು ಸೇತುವೆ ಕಟ್ಟಿದ ದೊಡ್ಡ ಮೇಸ್ತ್ರಿ. ಅವನು ಗಂಟೆ ಮೇಸ್ತ್ರಿಯ ಮಾವ. ಮಗಳನ್ನು ಕೊಟ್ಟದ್ದು ಆಮೇಲೆ, ಸುತ್ತಿಗೆ ಕೊಟ್ಟದ್ದು ಮೊದಲು. ಹುಡುಗನ ಕಿವಿ ಚೆನ್ನಾಗಿದೆ ಎಂಬುದೇ ಅವನು ಅಳಿಯನಲ್ಲಿ ಕಂಡ ದೊಡ್ಡ ಗುಣ. ಅಂದಿನಿಂದ ಮೇಸ್ತ್ರಿಗೆ ತನ್ನ ಕಿವಿಯ ಬಗ್ಗೆ ಹೇಳತೀರದ ಹೆಮ್ಮೆ. ಮನೆಗೆ ಬಂದವರೆದುರು ಹಿಂದಿನ ಕೋಣೆಯ ನಲ್ಲಿ ತೊಟ್ಟಿಕ್ಕುವುದನ್ನು ಎಣಿಸಿ ತೋರಿಸುತ್ತಿದ್ದ. ಅವರು ತಲೆದೂಗುತ್ತಿದ್ದರು, ನಲ್ಲಿಯನ್ನೇಕೆ ರಿಪೇರಿ ಮಾಡಿಸಿಲ್ಲ ಎಂದು ಹೆಂಡತಿ ಗೊಣಗುತ್ತಿದ್ದಳು.

ಹೆಂಡತಿಗೆ ಸಂಗ್ರಹಾಲಯದಲ್ಲೇ ಕೆಲಸ. ಕೈಯಲ್ಲಿ ಸದಾ ಒಂದು ಹಳದಿ ಬಟ್ಟೆ ಹಿಡಿದು ಗಾಜಿನ ಪೆಟ್ಟಿಗೆಗಳನ್ನು ಒರೆಸುತ್ತಿದ್ದಳು. ಮಳೆಕಾಡಿನ ತೇವ ಗಾಜಿನ ಮೇಲೆ ಎಷ್ಟು ಒರೆಸಿದರೂ ಮತ್ತೆ ಕೂರುತ್ತಿತ್ತು. ಅವಳಿಗೆ ಎತ್ತರವೆಂದರೆ ತಲೆಸುತ್ತು, ಅಪ್ಪ ಕಟ್ಟಿದ ಸೇತುವೆಯನ್ನು ಒಮ್ಮೆಯೂ ಹತ್ತಿದವಳಲ್ಲ. ಮಗಳು ಅಜ್ಜನ ಹಾಗೆ. ಓದು ಮುಗಿಸಿ ಅಲ್ಲೇ ಗೈಡ್ ಆಗಿ ಸೇರಿ, ಬಂದವರನ್ನು ಮೂರನೇ ಮರದವರೆಗೆ ಕರೆದೊಯ್ದು ತೋರಿಸಿ ಕರೆತರುತ್ತಿದ್ದಳು. ಮೂರನೇ ಮರದಿಂದಾಚೆಗೆ ದಾರಿಯಿಲ್ಲ. ಹೋದ ದಾರಿಯಲ್ಲೇ ವಾಪಸು ಬರಬೇಕು.

ಈಗ ಮೇಸ್ತ್ರಿಯ ಕಿವಿಯ ಸಂಗತಿ. ಆ ಬೇಸಿಗೆಯಲ್ಲಿ ಜೀರುಂಡೆಗಳ ಕೂಗು ಹೆಚ್ಚಾಯಿತೆಂದು ಅವನಿಗೆ ಅನ್ನಿಸತೊಡಗಿತ್ತು. ಬೇಸಿಗೆಯ ಕಾಡಿನಲ್ಲಿ ಜೀರುಂಡೆ ಕೂಗುವುದು ಹೊಸದೇನಲ್ಲ, ಒಮ್ಮೊಮ್ಮೆ ಪಕ್ಕದವನ ಮಾತೂ ಕೇಳದಷ್ಟು ಕೂಗುತ್ತವೆ. ಆದರೆ ಈ ಸಲ ಬೆಳಗಿನ ಹೊತ್ತೂ ಬಿಡುತ್ತಿರಲಿಲ್ಲ. ಸುತ್ತಿಗೆಯ ಸದ್ದು ಅದರಡಿ ಹೂತುಹೋಗುತ್ತಿತ್ತು. ಮೇಸ್ತ್ರಿ ಒಂದೇ ಬೋಲ್ಟನ್ನು ಎರಡು ಸಲ, ಮೂರು ಸಲ ಬಾರಿಸತೊಡಗಿದ. ಬಾರಿಸಿ ಕಿವಿಯನ್ನು ಪಟ್ಟಿಯ ಹತ್ತಿರ ತರುತ್ತಿದ್ದ. ಕೇಳಿಸಿತು ಎಂದುಕೊಂಡರೆ ಕೇಳಿಸಿದ ಹಾಗೇ ಇರುತ್ತಿತ್ತು. ಮನೆಯಲ್ಲಿ ಹೆಂಡತಿ ಮಾತಾಡಿದರೆ ಅವಳ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದ, ಅರ್ಥವಾಗದಿದ್ದಾಗ "ನೋಡೋಣ" ಎಂದು ತೇಲಿಸಿಬಿಡುತ್ತಿದ್ದ. ಗಂಡಂದಿರ ಬಾಯಲ್ಲಿ ಆ ಮಾತು ಎಲ್ಲದಕ್ಕೂ ಸಲ್ಲುವುದರಿಂದ ಯಾರಿಗೂ ಅನುಮಾನ ಬರಲಿಲ್ಲ ಎಂದು ಅವನು ತಿಳಿದಿದ್ದ. ಎಲ್ಲ ತಪ್ಪೂ ಜೀರುಂಡೆಗಳ ತಲೆಗೆ ಕಟ್ಟಿ, ಮಳೆ ಬಂದರೆ ಇವುಗಳ ಸೊಕ್ಕು ಮುರಿಯುತ್ತದೆ ಎಂದು ಕಾಯುತ್ತಿದ್ದ.

ಮಳೆ ಬಂತು. ವಾರವಿಡೀ ಆಕಾಶ ತೂತಾದ ಹಾಗೆ ಸುರಿಯಿತು. ಈ ವರ್ಷದ ಜೀರುಂಡೆಗಳು ಮಹಾ ಮೊಂಡು, ಮಳೆಗೂ ಜಗ್ಗುತ್ತಿಲ್ಲ ಎಂದುಕೊಂಡು ಮೇಸ್ತ್ರಿ ತನ್ನ ಕೆಲಸ ಮಾಡಿದ. ಒಳಗೆಲ್ಲೋ ಒಂದು ಅಳುಕು ತಲೆಯೆತ್ತುತ್ತಿತ್ತು. ಅದನ್ನು ಮೆಟ್ಟಿ ಕೂರಿಸುತ್ತಿದ್ದ. ಸುತ್ತಿಗೆ ಕೈಬಿಟ್ಟರೆ ತಾನು ಯಾರು ಎಂದು ಯೋಚಿಸಿದರೇ ಅವನಿಗೆ ಹೆದರಿಕೆಯಾಗುತ್ತಿತ್ತು. ಊರಿಗೆಲ್ಲ ಅವನು ಗಂಟೆ ಮೇಸ್ತ್ರಿ. ಕಿವುಡ ಮೇಸ್ತ್ರಿ ಎಂದು ಕರೆಸಿಕೊಳ್ಳುವ ಮನಸ್ಸು ಅವನಿಗಿರಲಿಲ್ಲ.

ಆ ದಿನ ಬೆಳಿಗ್ಗೆ ಮಳೆ ತುಸು ಬಿಡುವು ಕೊಟ್ಟಿತ್ತು. ಮೇಸ್ತ್ರಿ ಬೇಗ ಬೇಗ ಬಾರಿಸಿಕೊಂಡು ಹೋದ. ಮೂರನೇ ಮರದ ಒಂದು ಬೋಲ್ಟಿನ ಬಗ್ಗೆ ಅನುಮಾನ ಬಂದು ಅದಕ್ಕೆ ಸ್ಪ್ಯಾನರ್ ಹಾಕಿ ನೋಡಿದ, ಬಿಗಿಯಾಗಿಯೇ ಇತ್ತು. ನನ್ನ ಕಿವಿಗೇನೂ ಆಗಿಲ್ಲ, ಅನುಮಾನ ನನ್ನ ರೋಗ ಅಷ್ಟೆ ಎಂದು ತನಗೆ ತಾನೇ ಬೈದುಕೊಂಡು ವಾಪಸು ಬಂದು, ಸುತ್ತಿಗೆಯನ್ನು ಮೊಳೆಗೆ ಹಾಕಿದ. ಬಹಳ ದಿನಗಳ ಮೇಲೆ ಮನಸ್ಸು ಹಗುರಾಗಿತ್ತು.

ಮಧ್ಯಾಹ್ನ ಒಂದು ತಂಡ ಬಂತು. ಒಂದು ಕುಟುಂಬ, ಹೊಸದಾಗಿ ಮದುವೆಯಾದ ಜೋಡಿ, ಮೊಮ್ಮಗಳ ಕೈ ಹಿಡಿದ ಅಜ್ಜಿ, ಮತ್ತೆ ಟಿಕೆಟ್ ಕೊಳ್ಳುವಾಗಲೇ ಹುಲಿಯ ಬಗ್ಗೆ ವಿಚಾರಿಸಿದ ಒಬ್ಬ ದಪ್ಪ ಮನುಷ್ಯ. ಮಗಳು ಅವರಿಗೆಲ್ಲ ಮಳೆಯಂಗಿ ತೊಡಿಸಿ, ಉಂಗುರ ಉಂಗುರವಾಗಿ ಕಾಣುವ ಮರದ ತುಂಡು, ಬಾಟಲಿಯಲ್ಲಿದ್ದ ಹಾವು, ಚಿಟ್ಟೆಗಳ ಪೆಟ್ಟಿಗೆ ಎಲ್ಲ ತೋರಿಸಿ, ಸೇತುವೆ ಹತ್ತಿಸಿಕೊಂಡು ಹೋದಳು. ಅವರು ಹೋದ ಸ್ವಲ್ಪ ಹೊತ್ತಿಗೆ ಮಳೆ ಮತ್ತೆ ಹಿಡಿಯಿತು. ಮೇಸ್ತ್ರಿ ತಲೆ ಒರೆಸಿಕೊಳ್ಳುತ್ತ ಕೀಟಗಳ ಕೋಣೆಗೆ ಬಂದ. ಅಲ್ಲಿ ಹೆಂಡತಿ ಗಾಜು ಒರೆಸುತ್ತಿದ್ದಳು. ಗೋಡೆಯ ಮೇಲೆ ಒಂದು ಹಲಗೆ, ಅದರ ತುಂಬ ಗುಂಡಿಗಳು. ಒಂದೊಂದು ಒತ್ತಿದರೆ ಒಂದೊಂದು ಜೀವಿಯ ಕೂಗು ಕೇಳಿಸುತ್ತದೆ.

"ಆ ಜೀರುಂಡೆದು ಆರಿಸು ಮಾರಾಯ್ತಿ, ಹೊರಗೆ ಕೇಳಿದ್ದು ಸಾಲದೇ" ಎಂದ ಮೇಸ್ತ್ರಿ.

ಹೆಂಡತಿಯ ಕೈ ಗಾಜಿನ ಮೇಲೆ ನಿಂತಿತು. ಅವಳು ತಿರುಗಿ ಅವನ ಮುಖ ನೋಡಿದಳು. ಆಮೇಲೆ ಅವನಿಗೆ ಕಾಣುವ ಹಾಗೆ ತುಟಿ ಬಿಡಿಸಿ, ನಿಧಾನಕ್ಕೆ ಹೇಳಿದಳು.

"ಈ ಹಲಗೆ ಕೆಟ್ಟು ಎಷ್ಟೋ ದಿನ ಆಯ್ತು ರೀ. ಹೊರಗೂ ಜೀರುಂಡೆ ಇಲ್ಲ. ಮೊದಲನೇ ಮಳೆಗೇ ಎಲ್ಲ ಸುಮ್ಮನಾಗಿವೆ."

ಮೇಸ್ತ್ರಿ ಕಿಟಕಿಯ ಕಡೆ ನೋಡಿದ. ಹೊರಗೆ ಮಳೆ ಬೀಳುತ್ತಿರುವುದು ಕಾಣುತ್ತಿತ್ತು. ಜೀರುಂಡೆಗಳು ಕೂಗುತ್ತಲೇ ಇದ್ದವು. ಎರಡು ಅಂಗೈಗಳಿಂದ ಕಿವಿ ಮುಚ್ಚಿಕೊಂಡ. ಆಗಲೂ ಕೂಗುತ್ತಿದ್ದವು. ಇಷ್ಟು ದಿನ ಕಾಡನ್ನು ಬೈದದ್ದೇ ಬಂತು, ಕೂಗುತ್ತಿದ್ದದ್ದು ತನ್ನ ತಲೆಯೊಳಗೇ.

ಹೆಂಡತಿ ಅವನನ್ನು ಸಮಾಧಾನ ಮಾಡಲಿಲ್ಲ. ಅವಳ ಮುಖ ಆಗಲೇ ಬೇರೊಂದು ಯೋಚನೆಗೆ ಬಿಳಿಚಿಕೊಂಡಿತ್ತು.

"ಬೆಳಿಗ್ಗೆ ಎರಡನೇ ಮರದಲ್ಲಿ ಒಂದು ಡಬ್ ಅಂತು" ಎಂದಳು. "ನಾನು ಇದೇ ಕಿಟಕಿ ಹತ್ತಿರ ಇದ್ದೆ. ನೀವು ಬಿಗಿ ಮಾಡಿದ್ರಿ ತಾನೆ?"

ಎರಡನೇ ಮರದಲ್ಲಿ ಅವನಿಗೆ ಯಾವ ಅನುಮಾನವೂ ಬಂದಿರಲಿಲ್ಲ. ಅಲ್ಲಿ ಎಲ್ಲವೂ ಟಣ್ ಎಂದಿದ್ದವು, ಹಾಗೆಂದು ಅವನು ನಂಬಿದ್ದ.

ಹೆಂಡತಿಗೆ ಉತ್ತರ ಬೇಕಾಗಲಿಲ್ಲ. ದೊಡ್ಡ ಮೇಸ್ತ್ರಿಯ ಮಗಳು ಅವಳು. ತೊಟ್ಟಿಲಲ್ಲಿದ್ದಾಗಿನಿಂದ ಆ ಸದ್ದು ಕೇಳಿ ಬೆಳೆದವಳು. ಗಂಡ ಒಂದೊಂದನ್ನು ಮೂರು ಮೂರು ಸಲ ಬಾರಿಸತೊಡಗಿದ್ದನ್ನು ಬೇಸಿಗೆಯಿಂದಲೇ ಗಮನಿಸಿದ್ದಳು. ಗಂಡಸಿನ ಮಾನದ ವಿಷಯ, ಬಾಯಿ ಬಿಟ್ಟರೆ ಕುಗ್ಗಿಹೋಗುತ್ತಾರೆ ಎಂದು ಹೊಟ್ಟೆಯಲ್ಲಿ ಹಾಕಿಕೊಂಡಿದ್ದಳು. ಆ ಬೆಳಿಗ್ಗೆ ಡಬ್ ಎಂದದ್ದು ಕೇಳಿದಾಗ, ಇನ್ನು ಸ್ಪ್ಯಾನರ್ ಹಾಕುತ್ತಾರೆ ಎಂದುಕೊಂಡಿದ್ದಳು. ಅಷ್ಟರಲ್ಲಿ ಸಂಗ್ರಹಾಲಯದ ಹಿಂದಿನ ಕೋಣೆಗೆ ಮಳೆನೀರು ನುಗ್ಗಿದೆಯೆಂದು ಯಾರೋ ಕರೆದರು, ಹೋದಳು. ಬಂದು ನೋಡಿದರೆ ಸುತ್ತಿಗೆ ಮೊಳೆಯಲ್ಲಿತ್ತು. ಸುತ್ತಿಗೆ ಮೊಳೆಯಲ್ಲಿದ್ದರೆ ಎಲ್ಲ ಸರಿಯಿದೆ ಎಂದೇ ಆ ಮನೆಯಲ್ಲಿ ಹುಟ್ಟಿದವರು ನಂಬುವುದು.

ಇಬ್ಬರೂ ಓಡಿದರು. ಮೆಟ್ಟಿಲಿನ ಬುಡದಲ್ಲಿ ಅವಳು ನಿಂತುಬಿಟ್ಟಳು. ಮೇಸ್ತ್ರಿ ಏರಿ ಹೋಗಿ ಮೊಳೆಯಿಂದ ಸುತ್ತಿಗೆ ಕಿತ್ತುಕೊಂಡ. ಮಂಜಿನ ನಡುವೆ ಮೂರನೇ ಮರದ ಅಟ್ಟಣಿಗೆಯ ಮೇಲೆ ಬಣ್ಣ ಬಣ್ಣದ ಮಳೆಯಂಗಿಗಳು ಕಾಣುತ್ತಿದ್ದವು. ಮಗಳು ಅವರನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ವಾಪಸು ಹೊರಡುವ ಹೊತ್ತು. ಹೋಗುವಾಗ ಎರಡನೇ ಮರ ಅವರನ್ನು ತಡೆದುಕೊಂಡಿತ್ತು. ಬರುವಾಗಲೂ ತಡೆಯುತ್ತದೆಂದು ಹೇಳುವವರು ಯಾರು? ಮೇಸ್ತ್ರಿ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ತಲೆಯ ಮೇಲೆ ಎತ್ತಿದ. ಯಾರೂ ಅಲುಗಬೇಡಿ ಎಂಬ ಗುರುತು ಅದು, ದೊಡ್ಡ ಮೇಸ್ತ್ರಿ ತನ್ನ ಮೊಮ್ಮಗಳಿಗೆ ಕಲಿಸಿಕೊಟ್ಟದ್ದು. ಮಗಳು ನೋಡಿದಳು. ಕೈ ಚಾಚಿ ಎಲ್ಲರನ್ನೂ ಹಿಂದಕ್ಕೆ ತಳ್ಳಿದಳು.

ಅವನು ಎರಡನೇ ಮರದತ್ತ ಹಲಗೆಯ ಮೇಲೆ ಕಾಲಿಟ್ಟ. ಬಿದ್ದರೆ ನನ್ನ ಭಾರಕ್ಕೇ ಬೀಳಲಿ ಎಂದುಕೊಂಡ. ಅದು ಧೈರ್ಯವಲ್ಲ, ನಾಚಿಕೆ. ಮರ ತಲುಪಿ ಪಟ್ಟಿಯನ್ನು ತಬ್ಬಿ ನಿಂತಾಗ ಇನ್ನೊಂದು ಕಷ್ಟ ಎದುರಾಯಿತು. ಮರದ ಸುತ್ತ ಎಷ್ಟೊಂದು ಬೋಲ್ಟುಗಳು, ಎಲ್ಲದರ ಮೇಲೂ ಒಂದೇ ಹಸಿರು ಪಾಚಿ. ಒಂದಕ್ಕೆ ಬಾರಿಸಿದ. ಜೀರುಂಡೆ. ಇನ್ನೊಂದಕ್ಕೆ ಬಾರಿಸಿದ. ಜೀರುಂಡೆ. ಕಣ್ಣಲ್ಲಿ ನೀರು ಬಂತು.

ಆಗ ಕೆಳಗೆ ಹಳದಿ ಏನೋ ಅಲ್ಲಾಡಿದ್ದು ಕಂಡಿತು. ಹೆಂಡತಿ ಮೆಟ್ಟಿಲ ಬುಡದಿಂದ ಕಾಡಿನೊಳಕ್ಕೆ ನುಗ್ಗಿ, ಕೆಸರಲ್ಲಿ ಜಾರುತ್ತ ಏಳುತ್ತ, ಎರಡನೇ ಮರದ ಕೆಳಗೇ ಬಂದು ನಿಂತಿದ್ದಳು. ಗಾಜು ಒರೆಸುವ ಬಟ್ಟೆ ಅವಳ ಕೈಯಲ್ಲಿತ್ತು. ಒಂದು ಕೈಯಿಂದ ಬಾರಿಸುವ ಹಾಗೆ ಮಾಡಿ ತೋರಿಸಿದಳು, ಕಿವಿ ಮುಟ್ಟಿಕೊಂಡಳು, ಬಟ್ಟೆ ಎತ್ತಿ ಬೀಸಿದಳು. ನೀವು ಬಾರಿಸಿ, ನಾನು ಕೇಳುತ್ತೇನೆ, ಡಬ್ ಎಂದರೆ ಬಟ್ಟೆ ಬೀಸುತ್ತೇನೆ. ಒಂದು ಆಯುಷ್ಯ ಜೊತೆಗೆ ಬಾಳಿದವರಿಗೆ ಅಷ್ಟು ಸಾಕಾಯಿತು.

ಮೇಸ್ತ್ರಿ ಬಾರಿಸಿ ಕೆಳಗೆ ನೋಡಿದ. ಬಟ್ಟೆ ಏಳಲಿಲ್ಲ. ಮತ್ತೊಂದು. ಬಟ್ಟೆ ಏಳಲಿಲ್ಲ. ಮಳೆ ಜೋರಾಗುತ್ತಿತ್ತು, ಅವಳು ತಲೆ ಓರೆ ಮಾಡಿ ಕಿವಿಯನ್ನು ಮೇಲಕ್ಕೆ ಕೊಟ್ಟು ನಿಂತಿದ್ದಳು. ಒಂದು ಸಲ ಕೈಯೆತ್ತಿ ಮತ್ತೆ ಬಾರಿಸಲು ಹೇಳಿದಳು. ಬಾರಿಸಿದ. ಅಲ್ಲ ಎಂದು ತಲೆಯಾಡಿಸಿದಳು. ಮೇಸ್ತ್ರಿ ಮರದ ಆ ಬದಿಗೆ, ಮೂರನೇ ಮರದ ಹಗ್ಗ ಕಟ್ಟಿದ್ದ ಕಡೆಗೆ ಸರಿದು ಮಂಡಿಯೂರಿದ. ಈಗ ತಂಡಕ್ಕೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

ಅತ್ತ ಅಟ್ಟಣಿಗೆಯಲ್ಲಿ ಅಜ್ಜಿಗೆ ಹೆದರಿಕೆಯಿಂದ ಮೈನಡುಕ ಹತ್ತಿತ್ತು. ಮಗಳು ಅವಳನ್ನು ಹಿಡಿದು ಕೂರಿಸಲು ಬಗ್ಗಿದಳು. ಅಷ್ಟು ಸಾಕಾಯಿತು ಹುಲಿ ಕೇಳಿದ ದಪ್ಪ ಮನುಷ್ಯನಿಗೆ. ಮಳೆಯಲ್ಲಿ ನಿಂತು ನಿಂತು ಅವನ ತಾಳ್ಮೆ ಕೆಟ್ಟಿತ್ತು. ಬಾರಿಸುತ್ತಿರುವವನು ಯಾರೋ ಕೂಲಿಯಾಳು, ತಾನು ದುಡ್ಡು ಕೊಟ್ಟು ಬಂದವನು ಎಂಬ ಲೆಕ್ಕದಲ್ಲಿ ದಾರಿಗೆ ಅಡ್ಡ ಹಾಕಿದ್ದ ಸರಪಳಿ ತೆಗೆದು ಹಲಗೆಯ ಮೇಲೆ ಹೊರಟೇಬಿಟ್ಟ. ಮಗಳು ತಲೆಯೆತ್ತಿ ನೋಡುವಷ್ಟರಲ್ಲಿ ನಾಲ್ಕಾರು ಹೆಜ್ಜೆ ಹೋಗಿದ್ದ. ಅವಳು ಗಂಟಲು ಹರಿಯುವ ಹಾಗೆ ಅಪ್ಪನನ್ನು ಕೂಗಿದಳು. ಅಪ್ಪ ತಿರುಗಲಿಲ್ಲ. ಮತ್ತೆ ಕೂಗಿದಳು. ಅಪ್ಪ ಇನ್ನೊಂದು ಬೋಲ್ಟಿಗೆ ಸುತ್ತಿಗೆ ಎತ್ತುತ್ತಿದ್ದ.

ಬಾರಿಸಿದ ಕೈಗೆ ಪಟ್ಟಿಯ ನಡುಕ ಹತ್ತಿದಾಗ ಮೇಸ್ತ್ರಿಗೆ ಎಚ್ಚರವಾಯಿತು. ತಿರುಗಿದರೆ ದಪ್ಪ ಮನುಷ್ಯ ಸೇತುವೆಯ ನಡುಮಧ್ಯದಲ್ಲಿದ್ದ. ಕೆಳಗೆ ನೋಡಿದರೆ ಹಳದಿ ಬಟ್ಟೆ ಹುಚ್ಚೆದ್ದ ಹಾಗೆ ಅಲ್ಲಾಡುತ್ತಿತ್ತು. ಇದೇ ಬೋಲ್ಟು.

"ನಿಲ್ಲಿ" ಎಂದು ಅರಚಿದ. "ಉಸಿರು ಬಿಟ್ಟರೂ ಮೆಲ್ಲಗೆ ಬಿಡಿ."

ದಪ್ಪ ಮನುಷ್ಯ ನಿಂತ. ಮುಂದಕ್ಕೂ ಬರಲಾರ, ಹಿಂದಕ್ಕೂ ಹೋಗಲಾರ, ಎರಡೂ ಕೈಯಿಂದ ಹಗ್ಗ ಹಿಡಿದು ಕಣ್ಣು ಮುಚ್ಚಿದ. ಮೇಸ್ತ್ರಿ ಪಾಚಿಯನ್ನು ಉಗುರಿನಿಂದ ಕೆರೆದ. ನಟ್ಟು ಬೋಲ್ಟಿನ ತುದಿಗೆ ಬಂದು, ಬೀಳಲೋ ಬೇಡವೋ ಎಂಬ ಹಾಗೆ ಕೂತಿತ್ತು. ಸೊಂಟದಲ್ಲಿದ್ದ ಸ್ಪ್ಯಾನರ್ ತಾಗಿಸಿದರೆ ಜಾರೀತು. ಬೆರಳಲ್ಲೇ ಹಿಡಿದ. ಒದ್ದೆ ಬೆರಳು ಜಾರಿತು. ಅಂಗಿಯ ಒಳಗಿನ ಒಣ ಅಂಚಿಗೆ ಬೆರಳೊತ್ತಿ ಮತ್ತೆ ಹಿಡಿದ. ಈ ಕೆಲಸಕ್ಕೆ ಕಿವಿ ಬೇಕಿರಲಿಲ್ಲ. ಕೈ ಸಾಕಿತ್ತು, ಕೈ ಇನ್ನೂ ಅವನದೇ ಆಗಿತ್ತು. ನಟ್ಟು ಒಂದು ಸುತ್ತು ಒಳಕ್ಕೆ ಹೋಯಿತು. ಇನ್ನೊಂದು ಸುತ್ತು. ಆಮೇಲೆ ಸ್ಪ್ಯಾನರ್ ಹಾಕಿ, ಮೈಭಾರವನ್ನೆಲ್ಲ ಬಿಟ್ಟು ತಿರುಗಿಸಿದ. ಸುತ್ತಿಗೆ ತೆಗೆದು ಬಾರಿಸಿ ಕೆಳಗೆ ನೋಡಿದ.

ಹೆಂಡತಿ ಬಟ್ಟೆ ಬೀಸಲಿಲ್ಲ. ಅದನ್ನು ಮುಖಕ್ಕೆ ಒತ್ತಿಕೊಂಡು ಕೆಸರಲ್ಲೇ ಕುಸಿದು ಕೂತಳು.

ಉಳಿದವನ್ನೂ ಬಾರಿಸಿ, ಅವಳ ಕಡೆ ನೋಡಿ ನೋಡಿ ಮುಗಿಸಿದ ಮೇಲೆಯೇ ಮೇಸ್ತ್ರಿ ಒಬ್ಬೊಬ್ಬರನ್ನೇ ದಾಟಿಸಿದ. ದಪ್ಪ ಮನುಷ್ಯನನ್ನು ಮಗುವಿನ ಹಾಗೆ ಕೈಹಿಡಿದು ತರಬೇಕಾಯಿತು. ಅವನು ಹುಲಿಯ ಸುದ್ದಿ ಮತ್ತೆ ಎತ್ತಲಿಲ್ಲ. ಅಜ್ಜಿ ಮಾತ್ರ ದಾಟುವಾಗ ಮೇಸ್ತ್ರಿಯ ತಲೆ ಸವರಿ, ದೇವರ ಹಾಗೆ ಬಂದೆ ಎಂದಳು. ಅವಳ ತುಟಿಯ ಮೇಲೆ ಆ ಮಾತು ಕಂಡು ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಕೊನೆಯಲ್ಲಿ ಬಂದವಳು ಮಗಳು. ಎದುರಿಗೆ ನಿಂತಳು, ಮುಖ ಕೆಂಪಾಗಿತ್ತು.

"ಅವರು ಕಾಲಿಟ್ಟಾಗ ಎಷ್ಟು ಕೂಗಿದೆ ಅಪ್ಪ. ನೀನು ತಿರುಗಲೇ ಇಲ್ಲ."

ಮಳೆ ಎನ್ನಬಹುದಿತ್ತು. ಗಾಳಿ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು, ನಾಳೆಯೂ ಸುತ್ತಿಗೆ ಅವನ ಕೈಯಲ್ಲೇ ಇರುತ್ತಿತ್ತು.

"ಕೇಳಿಸಲಿಲ್ಲ ಮಗಳೇ. ಮಳೆಗಲ್ಲ, ನನ್ನ ಕಿವಿ ಹೋಗಿದೆ. ಬೆಳಿಗ್ಗೆ ಇದೇ ಬೋಲ್ಟು ಬಾರಿಸಿ, ಸರಿಯಿದೆ ಅಂತ ನಿಮ್ಮನ್ನ ಇದರ ಮೇಲೆ ಕಳಿಸಿದವನು ನಾನೇ."

ಮಗಳು ಬೋಲ್ಟಿನ ಕಡೆ ನೋಡಿದಳು. ಕೆಳಗೆ ಕೆಸರಲ್ಲಿ ಕೂತ ಅಮ್ಮನ ಕಡೆ ನೋಡಿದಳು.

"ಅಮ್ಮಂಗೆ ಗೊತ್ತಿತ್ತಾ?"

"ನನಗಿಂತ ಮೊದಲೇ ಗೊತ್ತಿತ್ತು."

ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಮೇಸ್ತ್ರಿ ಕಾದ. ಅವಳು ಎರಡನ್ನೂ ಮಾಡಲಿಲ್ಲ. ಕೈ ಚಾಚಿದಳು. "ಸುತ್ತಿಗೆ ಕೊಡು" ಎಂದಳು. ಮೇಸ್ತ್ರಿ ಕೊಟ್ಟ. ಹಿಡಿಯಲ್ಲಿ ಅವನ ಬೆರಳು ಕೂರುವ ಕಡೆ ಗುಳಿ ಬಿದ್ದಿತ್ತು. ಅವಳು ಹಿಡಿದಾಗ ಅವಳ ಸಣ್ಣ ಬೆರಳುಗಳು ಆ ಗುಳಿಗೆ ಸರಿಹೊಂದಲಿಲ್ಲ.

ಸಂಜೆ ಮೇಸ್ತ್ರಿ ತಾನಾಗಿಯೇ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದ. ಅವರು ಇನ್ನು ಮೇಲೆ ಸೇತುವೆಗೆ ಹತ್ತಬೇಡ, ಒಳಗಿನ ಕೆಲಸ ನೋಡಿಕೋ ಎಂದರು. ಅದು ಕರುಣೆಯೋ ಶಿಕ್ಷೆಯೋ ಅವನು ಕೇಳಲಿಲ್ಲ. ಆ ರಾತ್ರಿ ಮನೆಯಲ್ಲಿ ಮಗಳು ಇಬ್ಬರ ಜೊತೆಗೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕೀಟಗಳ ಕೋಣೆಯ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತಿದ್ದ. ಮಳೆ ನಿಂತಿತ್ತು. ಮಗಳು ಸುತ್ತಿಗೆ ಹಿಡಿದು ಮೊದಲನೇ ಮರದ ಹತ್ತಿರ ಬಗ್ಗಿದ್ದು ಕಾಣುತ್ತಿತ್ತು. ಅವಳ ಕೈ ಏಳುತ್ತಿತ್ತು, ಇಳಿಯುತ್ತಿತ್ತು. ಮೇಸ್ತ್ರಿಗೆ ಜೀರುಂಡೆ ಬಿಟ್ಟು ಇನ್ನೇನೂ ಕೇಳಿಸುತ್ತಿರಲಿಲ್ಲ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಅವನ ಕೈ ತೆಗೆದುಕೊಂಡು, ಅಂಗೈ ಬಿಡಿಸಿ, ಬೆರಳಿನಿಂದ ಒಮ್ಮೆ ತಟ್ಟಿದಳು. ಮೇಲೆ ಸುತ್ತಿಗೆ ಇಳಿದಾಗಲೆಲ್ಲ ತಟ್ಟಿದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಟ್ಟಿದರೆ ಟಣ್ ಎಂದು ಅರ್ಥವಾದ ಮೇಲೆ ಅವನು ಆ ಬೆರಳನ್ನೇ ನೋಡುತ್ತ ಕೂತ.

ಎರಡನೇ ಮರದಲ್ಲಿ ಸುತ್ತಿಗೆ ಇಳಿಯಿತು. ಬೆರಳು ತಟ್ಟಲಿಲ್ಲ.

ಮೇಸ್ತ್ರಿ ಹೆಂಡತಿಯ ಮುಖ ನೋಡಿದ, ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು. ಮಗಳು ಒಂದು ಕ್ಷಣ ಹಾಗೇ ಬಗ್ಗಿ ನಿಂತಿದ್ದು, ಸೊಂಟದಿಂದ ಸ್ಪ್ಯಾನರ್ ಎಳೆದಳು. ತಿರುಗಿಸಿದಳು. ಮತ್ತೆ ಬಾರಿಸಿದಳು. ಬೆರಳು ಅವನ ಅಂಗೈಯನ್ನು ತಟ್ಟಿತು, ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ.

ಎಲ್ಲ ಮುಗಿಸಿ ಬಂದು ಮೊಳೆಯ ಮುಂದೆ ನಿಂತ ಮಗಳು ಸುತ್ತಿಗೆಯನ್ನು ಹಾಕಲಿಲ್ಲ. ಕಿಟಕಿಯ ಕಡೆ ತಿರುಗಿ ಅಮ್ಮನನ್ನು ನೋಡಿದಳು, ಅಪ್ಪನನ್ನಲ್ಲ. ಅಮ್ಮ ತಲೆಯಾಡಿಸಿದಳು. ಆಮೇಲೆಯೇ ಸುತ್ತಿಗೆ ಮೊಳೆಗೆ ಬಿತ್ತು. ಹಾಗೆ ಕೇಳಿ ಹಾಕುವುದೇ ಸರಿ ಎಂದು ಮೇಸ್ತ್ರಿಗೆ ಗೊತ್ತಿತ್ತು. ತಾನೂ ಬೇಸಿಗೆಯಲ್ಲೇ ಒಮ್ಮೆ ಈ ಕಿಟಕಿಯ ಕಡೆ ತಿರುಗಿ ನೋಡಿದ್ದರೆ ಸಾಕಾಗಿತ್ತು. ಅವನು ಅಂಗೈ ಮುಚ್ಚಲಿಲ್ಲ. ಹೊರಗೆ ಮೊದಲ ತಂಡ ಮಳೆಯಂಗಿ ತೊಡುತ್ತಿತ್ತು.